ಹನ್ನೆರಡು ಮಂದಿಯ ಮೂವತ್ತೆಂಟು

ಏಳನೆಯ ಉತ್ತರಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಏನೋ ಎಡವಟ್ಟಾಗಿದೆ ಎಂದು ಜಮಾಲುನ್ನೀಸಾಳಿಗೆ ಗೊತ್ತಾಗಿತ್ತು. ಆದರೂ ಉಳಿದ ಐದನ್ನೂ ಒಂದೊಂದಾಗಿ ಬಿಚ್ಚಿ ಮೊದಲ ಪುಟದ ಮೇಲಿನ ಮೂಲೆ ನೋಡಿದಳು. ಮೂವತ್ತೆಂಟು. ಮತ್ತೆ ಮೂವತ್ತೆಂಟು. ಒಬ್ಬರು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು, ಒಬ್ಬರು ಕನ್ನಡ ಅಂಕಿಯಲ್ಲಿ ಬರೆದಿದ್ದರು, ಇನ್ನೊಬ್ಬರು ಪಕ್ಕದಲ್ಲಿ ಚಿಕ್ಕ ಸಹಿಯನ್ನೂ ಗೀಚಿದ್ದರು. ಗುಬ್ಬಿ ತಾಲ್ಲೂಕಿನ ಹನ್ನೆರಡು ಮೇಷ್ಟ್ರುಗಳು ಸೇರಿ ನೂರಕ್ಕೆ ಮೂವತ್ತೆಂಟು ಎಂದು ಒಕ್ಕೊರಲಿನಿಂದ ಹೇಳಿ ಕೈ ತೊಳೆದುಕೊಂಡಿದ್ದರು.

ಅವಳು ಕೂತಿದ್ದದ್ದು ಶಿರಾ ಗೇಟಿನಲ್ಲಿ, ಅಪ್ಪ ಖುರ್ಷಿದ್ ಪಾಷಾರ ಸ್ಟೋವ್ ರಿಪೇರಿ ಅಂಗಡಿಯ ಹಿಂದಿನ ಮೂಲೆಯಲ್ಲಿ. ಮನೆಯಲ್ಲಿ ಅಣ್ಣನ ಮಕ್ಕಳು ಪುಸ್ತಕ ಬಿಡಿಸಲು ಬಿಡುತ್ತಿರಲಿಲ್ಲ. ಇಲ್ಲಿ ಸೀಮೆಎಣ್ಣೆ ವಾಸನೆಯೂ ಲಾರಿಗಳ ಸದ್ದೂ ಇದ್ದರೂ ಮೇಜೊಂದು ಅವಳದೇ ಆಗಿತ್ತು. ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಒಂಬತ್ತು ವರ್ಷ ಸಮಾಜ ಪಾಠ ಹೇಳಿದ ಮೇಲೆ, ಎಂ.ಎಡ್. ಓದಲು ಅವಳಿಗೆ ಒಂದು ವರ್ಷದ ರಜೆ ಸಿಕ್ಕಿತ್ತು. ಆ ವರ್ಷದ ಕೊನೆಗೆ, ಎಂಬತ್ತೆರಡರ ಏಪ್ರಿಲ್ ಮೂವತ್ತರ ಒಳಗೆ, ಪ್ರಬಂಧ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ಡಿಗ್ರಿಯೂ ಇಲ್ಲ, ಇನ್ನೊಂದು ಸಲ ರಜೆಯೂ ಇಲ್ಲ.

ಪ್ರಬಂಧದ ವಿಷಯ ಕೇಳಿದರೆ ಸರಳ. ಆರನೇ ತರಗತಿಯ ಒಂದು ಮಗು ಬರೆದ ಸಮಾಜ ಪಾಠದ ಉತ್ತರಪತ್ರಿಕೆಯನ್ನು ಅವಳು ತನ್ನ ಕೈಯಾರೆ ಮೂವತ್ತಾರು ಸಲ ನಕಲು ಮಾಡಿದ್ದಳು. ಕಾರ್ಬನ್ ಇಟ್ಟರೆ ನಾಲ್ಕನೆಯ ಪ್ರತಿ ಕಣ್ಣಿಗೆ ಕಾಣುತ್ತಿರಲಿಲ್ಲ, ಹಾಗಾಗಿ ಕೈ ನೋಯಿಸಿಕೊಂಡು ಬರೆದಳು. ತುಮಕೂರಿನ ಹನ್ನೆರಡು, ಕುಣಿಗಲ್ಲಿನ ಹನ್ನೆರಡು, ಗುಬ್ಬಿಯ ಹನ್ನೆರಡು ಮೇಷ್ಟ್ರುಗಳಿಗೆ ಒಂದೊಂದು ಪ್ರತಿ ಕೊಟ್ಟು ತಿದ್ದಿಸಿದಳು. ಮಗುವಿಗೆ ಬರುವ ಅಂಕ ಮಗುವಿನದೋ, ತಿದ್ದುವವರದೋ ಎಂದು ನೋಡುವುದು ಅವಳ ಉದ್ದೇಶ. ತುಮಕೂರಿನವರು ಅದೇ ಪತ್ರಿಕೆಗೆ ಇಪ್ಪತ್ತೆರಡರಿಂದ ಐವತ್ತೊಂದರ ತನಕ ಹಾಕಿದ್ದರು. ಕುಣಿಗಲ್ಲಿನವರು ಇಪ್ಪತ್ತೇಳರಿಂದ ಐವತ್ತೇಳರ ತನಕ. ಪಾಸಾಗಲು ಬೇಕಾದದ್ದು ಮೂವತ್ತೈದು.

ಸ್ಟೋವಿಗೆ ಪಂಪು ಹೊಡೆಯುತ್ತಿದ್ದ ಖುರ್ಷಿದ್ ಪಾಷಾ ಮಗಳ ಮುಖ ನೋಡಿ ಕೈ ನಿಲ್ಲಿಸಿದರು. ಅಪ್ಪ ಮಗಳು ಮಾತಾಡುವುದು ಮನೆಯ ಉರ್ದುವಿನಲ್ಲೇ.

"ಏನಾಯ್ತಮ್ಮ? ಪೇಪರ್ ಕಮ್ಮಿ ಬಂತಾ?"

"ಲೆಕ್ಕ ಸರಿ ಇದೆ ಅಬ್ಬಾ. ಹನ್ನೆರಡು ಜನವೂ ಒಂದೇ ನಂಬರ್ ಹಾಕಿದಾರೆ."

"ಅಂದ್ರೆ ಕೂತು ಮಾತಾಡ್ಕೊಂಡಿದಾರೆ," ಎಂದು ಅವರು ಮತ್ತೆ ಪಂಪು ಹೊಡೆದರು. "ಈ ರಸ್ತೇಲಿ ನಾಲ್ಕು ಜನ ಸ್ಟೋವಿನೋರು ಇದೀವಿ. ನಾವು ನಾಲ್ಕೂ ಜನ ಒಂದೇ ರೇಟ್ ಹೇಳಿದ ದಿವಸ ಗಿರಾಕಿಗೇ ಗೊತ್ತಾಗತ್ತೆ."

ಮಾರನೆಯ ದಿನ ಅವಳು ಕಾಲೇಜಿಗೆ ಹೋಗಿ ಮಾರ್ಗದರ್ಶಕ ಚನ್ನವೀರಯ್ಯನವರ ಮುಂದೆ ಆ ಕಟ್ಟು ಇಟ್ಟಳು. ಚನ್ನವೀರಯ್ಯ ಒಳ್ಳೆಯವರು, ಯಾರಿಗೂ ಕೆಡುಕು ಬಯಸಿದವರಲ್ಲ. ತಮಗೂ ಕಷ್ಟ ಬಯಸಿದವರಲ್ಲ. ಹನ್ನೆರಡನ್ನೂ ನೋಡಿ ಹೊಟ್ಟೆ ಕುಣಿಸಿ ನಕ್ಕರು.

"ಇದಕ್ಕೆ ಯಾಕಮ್ಮ ತಲೆ ಕೆಡಿಸ್ಕೊಳ್ತೀಯ? ಒಂದು ಮೂವತ್ತೊಂದು ಮಾಡು, ಒಂದು ನಲವತ್ನಾಲ್ಕು ಮಾಡು. ಆ ಕಡೆ ಈ ಕಡೆ ಸ್ವಲ್ಪ ಚೆಲ್ಲಿದ್ರೆ ಆಯ್ತು, ಟೈಪಿಂಗಿಗೆ ಕೊಟ್ಬಿಡು."

"ಅದು ಅವರು ಹಾಕಿದ ನಂಬರ್ ಆಗಲ್ಲ ಸಾರ್."

"ಇದೂ ಅವರು ಹಾಕಿದ್ದಲ್ಲವಲ್ಲ! ನೋಡಮ್ಮ, ಪ್ರಬಂಧ ಅನ್ನೋದು ಡಿಗ್ರಿಗೆ, ಲೋಕ ತಿದ್ದೋಕಲ್ಲ. ಮೂರು ತಾಲ್ಲೂಕು ಅಂತ ಬರ್ಕೊಟ್ಟಿದೀಯ. ಗುಬ್ಬಿ ಬಿಡೋ ಹಾಗಿಲ್ಲ, ಗುಬ್ಬಿಯೋರು ಮತ್ತೆ ತಿದ್ದೋ ಪೈಕಿಯೂ ಅಲ್ಲ."

"ತಿದ್ದಿಸ್ತೀನಿ ಸಾರ್."

"ಹದಿನೈದನೇ ತಾರೀಕಿನ ತನಕ ನೋಡ್ತೀನಿ. ಆಮೇಲೆ ನಾನು ಹೇಳಿದ ಹಾಗೆ ಮಾಡ್ಬೇಕು," ಎಂದರು ಚನ್ನವೀರಯ್ಯ. ಅವಳು ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಎರಡು ಅಂಕಿ ತಿರುಚಿದರೆ ಆಕಾಶ ಕಳಚಿ ಬೀಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಆ ಉತ್ತರಪತ್ರಿಕೆ ಯಾರದೆಂಬುದು ಚನ್ನವೀರಯ್ಯನವರಿಗೆ ಗೊತ್ತಿರಲಿಲ್ಲ. ಅದು ಜಮಾಲುನ್ನೀಸಾಳ ತರಗತಿಯಲ್ಲೇ ಓದಿದ ಸಿದ್ದಲಕ್ಷ್ಮಮ್ಮ ಎಂಬ ಹುಡುಗಿಯದು. ಊರ್ಡಿಗೆರೆ ಕಡೆಯ ಹುಡುಗಿ, ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಹೋದ ವರ್ಷದ ಪರೀಕ್ಷೆಯಲ್ಲಿ ಮೂವತ್ತೊಂದು ಹಾಕಿ ಅವಳನ್ನು ಫೇಲು ಮಾಡಿದ್ದವಳು ಜಮಾಲುನ್ನೀಸಾಳೇ. ಪಾಸಿನ ಗೆರೆಯ ಹತ್ತಿರದ ಒಂದು ಪತ್ರಿಕೆ ಬೇಕೆಂದು ಹೆಡ್‌ಮಾಸ್ಟರ ಅಪ್ಪಣೆ ಪಡೆದು ಹಳೆಯ ಕಟ್ಟಿನಿಂದ ಅದನ್ನು ಎತ್ತಿಕೊಂಡಿದ್ದಳು, ಅಷ್ಟೇ. ನಕಲು ಮಾಡತೊಡಗಿದಾಗ ನಾಲ್ಕನೆಯ ಸಲವೋ ಐದನೆಯ ಸಲವೋ ಬರೆಯುತ್ತ, ಅದನ್ನು ತಾನು ಮೊದಲ ಬಾರಿಗೆ ಓದುತ್ತಿದ್ದೇನೆ ಎನಿಸಿತ್ತು. ಪ್ರಯೋಗಕ್ಕೆಂದು ಇನ್ನೊಂದು ನಕಲು ಹೆಚ್ಚಿಗೆ ಬರೆದು ತಾನೇ ತಿದ್ದಿ ನೋಡಿದಳು. ಕೂಡಿದಾಗ ನಲವತ್ತಮೂರು ಬಂತು. ಮತ್ತೊಮ್ಮೆ ಕೂಡಿದಳು, ಬದಲಾಗಲಿಲ್ಲ.

ಫೇಲಾದ ಸಿದ್ದಲಕ್ಷ್ಮಮ್ಮನನ್ನು ಅಪ್ಪ ಬಂದು ಊರಿಗೆ ಕರೆದುಕೊಂಡು ಹೋಗಿದ್ದ. ದೀಪಾವಳಿ ಕಳೆದ ಮೇಲೆ ಮಾಗಡಿ ಕಡೆಗೆ ಮದುವೆ ಮಾಡಿ ಕಳಿಸಿದರಂತೆ ಎಂದು ಜೊತೆಯ ಹುಡುಗಿಯರು ಹೇಳಿದರು. ಅವಳಿಗೆ ಹದಿಮೂರು ತುಂಬಿತ್ತೋ ಇಲ್ಲವೋ. ಆ ಸುದ್ದಿ ಕೇಳಿದ ದಿನದಿಂದ ಜಮಾಲುನ್ನೀಸಾಳಿಗೆ ತನ್ನ ಕೆಂಪು ಪೆನ್ನು ಕಂಡರೆ ನಾಚಿಕೆಯಾಗುತ್ತಿತ್ತು. ಆ ಹುಡುಗಿಗೆ ಅವಳಿಂದ ಇನ್ನು ಏನೂ ಕೊಡಲಾಗುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಮಾತ್ರ ಕೈಯಲ್ಲಿತ್ತು, ಅದರಲ್ಲಿ ಒಂದು ಅಂಕಿಯನ್ನೂ ಸುಳ್ಳು ಮಾಡಲು ಅವಳು ತಯಾರಿರಲಿಲ್ಲ.

ಒಂದು ವಾರ ಕೂತು ಹನ್ನೆರಡು ಹೊಸ ಪ್ರತಿ ಬರೆದಳು. ಏಪ್ರಿಲ್ ಒಂಬತ್ತರಂದು ಗುಬ್ಬಿಯ ಬಸ್ಸು ಹತ್ತಿದಳು.

ಗುಬ್ಬಿಯಲ್ಲಿ ಮೊದಲು ಸಿಕ್ಕಿದವರು ಹನ್ನೆರಡು ಮಂದಿಯಲ್ಲಿ ಒಬ್ಬರಾದ ಶಿವರುದ್ರಮ್ಮ ಟೀಚರು. ಹೊಸ ಪ್ರತಿಯನ್ನು ನೋಡಿದ್ದೇ ಕೈ ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಮತ್ತೆ ತಂದ್ರಾ? ಒಂದ್ಸಲ ಹಾಕಿ ಕೊಟ್ವಲ್ಲ ಮೇಡಂ."

"ಓದಿ ಹಾಕಿದ್ರಾ?"

ಶಿವರುದ್ರಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಸೆರಗು ಸರಿ ಮಾಡಿಕೊಂಡು ಎಲ್ಲವನ್ನೂ ಹೇಳಿಬಿಟ್ಟರು. ತಿಂಗಳ ಮೀಟಿಂಗಿಗೆ ಎಲ್ಲ ಮೇಷ್ಟ್ರುಗಳೂ ಸೇರಿದ್ದಾಗ, ಕಡಬದ ಹೆಡ್‌ಮಾಸ್ಟರ್ ಗಂಗಹನುಮಯ್ಯನವರು ಈ ಮಾತು ಎತ್ತಿದ್ದರು; ಅವರೂ ಆ ಹನ್ನೆರಡರಲ್ಲಿ ಒಬ್ಬರು. "ಇದು ಹುಡುಗ್ರು ಪರೀಕ್ಷೆ ಅಲ್ಲ ಕಣ್ರಪ್ಪ, ನಮ್ ಪರೀಕ್ಷೆ, ಅಂದ್ರು. ಜಾಸ್ತಿ ಹಾಕ್ದೋನು ಸಡ್ಲ, ಕಮ್ಮಿ ಹಾಕ್ದೋನು ಕ್ರೂರಿ ಅಂತ ಬರ್ಕೊಳ್ತಾರೆ. ಮೂವತ್ತೈದು ಹಾಕಿದ್ರೆ ಗ್ರೇಸ್ ಕೊಟ್ಟಂಗ್ ಕಾಣ್ತದೆ, ನಲವತ್ತು ಹಾಕಿದ್ರೆ ಧಾರಾಳ ಆಯ್ತದೆ. ಎಲ್ರೂ ಮೂವತ್ತೆಂಟು ಹಾಕ್ಬುಡಿ, ಯಾವನೂ ಕೇಳಕ್ಕಿಲ್ಲ, ಅಂದ್ರು. ಅಲ್ಲೇ ಟೀ ಅಂಗಡೀಲಿ ಕೂತು ಹಾಕ್ಬುಟ್ವಿ."

"ಈಗ ಓದಿ ಹಾಕ್ತೀರಾ?"

"ಅವ್ರು ಹೂಂ ಅಂದ್ರೆ ನಾಳೆನೇ ಹಾಕ್ತೀನಿ. ಅವ್ರು ಬ್ಯಾಡ ಅಂದಿದ್ದನ್ನ ಈ ತಾಲ್ಲೂಕಲ್ಲಿ ಯಾರೂ ಮಾಡಲ್ಲ ಮೇಡಂ."

ಮರುದಿನ ಶನಿವಾರ, ಏಪ್ರಿಲ್ ಹತ್ತು. ಊರೂರಿನ ಶಾಲೆಗಳಲ್ಲಿ ಫಲಿತಾಂಶ ಹೇಳುವ ದಿನ. ಜಮಾಲುನ್ನೀಸಾ ಕಡಬದ ಶಾಲೆ ಮುಟ್ಟಿದಾಗ ಹತ್ತು ಗಂಟೆಯಾಗಿತ್ತು. ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಮಕ್ಕಳು ಅಂಗಳ ತುಂಬಿಕೊಂಡಿದ್ದರು. ತಾಯಂದಿರು ಮೇಷ್ಟ್ರಿಗೆಂದು ಹೂವು, ತೆಂಗಿನಕಾಯಿ ತಂದಿದ್ದರು. ಹನ್ನೊಂದಕ್ಕೆ ಪಟ್ಟಿ ಓದುತ್ತಾರೆಂದು ಒಬ್ಬಳು ಹೇಳಿದಳು.

ಗಂಗಹನುಮಯ್ಯ ಎದ್ದು ನಿಂತು ಬರಮಾಡಿಕೊಂಡರು. ಬಿಳಿ ಪಂಚೆ, ತುಂಬು ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಳನೀರು ತರಿಸಿದರು. ಅವಳು ಕುಡಿದು ಮುಗಿಸುವ ತನಕ ಮಳೆ ಬೆಳೆ ಬಿಟ್ಟು ಬೇರೆ ಮಾತಾಡಲಿಲ್ಲ.

"ಪೇಪರ್ ಕಳಿಸಿದ್ವಲ್ಲ ಮೇಡಮ್ಮೋರೆ, ತಲುಪ್ಲಿಲ್ವಾ?"

"ತಲುಪಿತು ಸಾರ್. ಹನ್ನೆರಡೂ ಮೂವತ್ತೆಂಟು."

"ಮತ್ತಿನ್ನೇನ್ ಬೇಕು? ಒಗ್ಗಟ್ಟು ಅಂದ್ರೆ ಅದು!"

"ನನಗೆ ಒಗ್ಗಟ್ಟು ಬೇಡ ಸಾರ್. ಒಬ್ಬೊಬ್ಬರೂ ಓದಿ ಹಾಕಿದ ನಂಬರ್ ಬೇಕು."

ಗಂಗಹನುಮಯ್ಯನವರ ನಗು ಮುಖದಲ್ಲೇ ಉಳಿಯಿತು, ದನಿ ಮಾತ್ರ ಗಟ್ಟಿಯಾಯಿತು. "ನೋಡಿ, ಎರಡು ವರ್ಷದ ಕೆಳಗೆ ಹಿಂಗೇ ಯಾರೋ ಬಂದು ಮೇಷ್ಟ್ರುಗಳ ಬಗ್ಗೆ ಬರ್ಕೊಂಡು ಹೋದ್ರು. ಸುಮ್ನೆ ಲೆಕ್ಕಕ್ಕೆ ಅಂದ್ರು. ಮೂರು ತಿಂಗಳಿಗೆ ನಮ್ ಬೆಟ್ಟಯ್ಯನ್ನ ಪಾವಗಡಕ್ಕೆ ಎತ್ತಾಕುದ್ರು. ಕಾಯ್ಲೆ ಬಿದ್ದ ತಾಯಿನ ಇಲ್ಲಿ ಬುಟ್ಟು ಹೋದ. ಆ ಮುದುಕಿ ಸತ್ತಾಗ ಮಣ್ಣಿಗೂ ಬರಕ್ಕಾಗ್ಲಿಲ್ಲ ಅವ್ನಿಗೆ. ನಮ್ಮೋರನ್ನ ಇನ್ನೊಂದ್ಸಲ ತಕ್ಕಡಿಗೆ ಕೂರ್ಸಾಕ್ಕೆ ನಾನು ಬುಡಾಕಿಲ್ಲ."

ಆ ಭಯ ಹುಸಿಯಲ್ಲವೆಂದು ಅವಳಿಗೆ ಅರ್ಥವಾಯಿತು. ಚೀಲದಿಂದ ತನ್ನ ಪಟ್ಟಿ ತೆಗೆದು ತೋರಿಸಿದಳು. ಅದರಲ್ಲಿ ಪರೀಕ್ಷಕ ಒಂದು, ಪರೀಕ್ಷಕ ಎರಡು ಎಂದಿತ್ತೇ ಹೊರತು ಹೆಸರುಗಳಿರಲಿಲ್ಲ.

"ಇವತ್ತು ಹೆಸ್ರಿಲ್ಲ. ನಾಳೆ ಯಾರಾದ್ರೂ ದೊಡ್ಡೋರು ಕೇಳಿದ್ರೆ?"

"ಕೇಳಿದರೆ ನನ್ನ ಹೆಸರು ಹೇಳ್ತೀನಿ ಸಾರ್."

ಹಾಗೆಂದು ಅವಳು ಚೀಲದ ತಳದಿಂದ ಇನ್ನೆರಡು ಪತ್ರಿಕೆ ತೆಗೆದಳು. ಚನ್ನವೀರಯ್ಯನವರಿಗೂ, ಅಬ್ಬಾನಿಗೂ, ಯಾರಿಗೂ ತೋರಿಸದೆ ಬಚ್ಚಿಟ್ಟುಕೊಂಡಿದ್ದವು ಅವು. ಎರಡನ್ನೂ ಮೇಜಿನ ಮೇಲೆ ಇಟ್ಟಳು. ಒಂದರ ಮೇಲೆ ಮೂವತ್ತೊಂದು, ಇನ್ನೊಂದರ ಮೇಲೆ ನಲವತ್ತಮೂರು.

ಗಂಗಹನುಮಯ್ಯ ಕನ್ನಡಕ ಏರಿಸಿ ಮೊದಲನೆಯದನ್ನು ಓದತೊಡಗಿದರು. ಓದುವುದರಲ್ಲಿ ಅವರಿಗೆ ಅವಸರವಿರಲಿಲ್ಲ. ಮೂರನೆಯ ಪುಟಕ್ಕೆ ಬಂದಾಗ ಹುಬ್ಬು ಮೇಲೇರಿತು. ನಿಮಗೆ ತಿಳಿದ ನೀರಾವರಿ ವಿಧಾನಗಳನ್ನು ವಿವರಿಸಿ ಎಂದು ಪ್ರಶ್ನೆ, ಹತ್ತು ಅಂಕ. ಬಾವಿ, ಕೆರೆ, ಕಾಲುವೆ ಎಂದು ಬರೆಯಬೇಕಿದ್ದ ಕಡೆ ಹುಡುಗಿ ಒಂದೂವರೆ ಪುಟ ಬೇರೇನನ್ನೋ ಬರೆದಿದ್ದಳು. ಅವರು ಗಟ್ಟಿಯಾಗಿ ಓದಿದರು:

"'ನಮ್ಮ ಊರಿನಲ್ಲಿ ಕೆರೆಯ ತೂಬು ಎತ್ತುವವನು ನೀರುಗಂಟಿ. ಅವನು ಮೊದಲು ಕಟ್ಟಕಡೆಯ ಗದ್ದೆಗೆ ನೀರು ಬಿಡುತ್ತಾನೆ. ಯಾಕೆಂದರೆ ತೂಬಿನ ಹತ್ತಿರದ ಗದ್ದೆಯವರು ಹೇಗೂ ಕದ್ದುಕೊಳ್ಳುತ್ತಾರೆ.'" ಅವರು ಮೇಜು ಬಡಿದು ನಕ್ಕರು. "ಕೆರೆ ಹಿಂದಿನ ಊರಿನ ಕೂಸು ಕಣ್ರೀ ಇದು! ಎಷ್ಟು ಸರ್ಯಾಗಿ ಬರ್ದವ್ಳೆ!" ಆಮೇಲೆ ಅಂಚಿನಲ್ಲಿದ್ದ ಕೆಂಪು ಎರಡನ್ನೂ, 'ಪ್ರಶ್ನೆಗೆ ತಕ್ಕ ಉತ್ತರವಲ್ಲ' ಎಂಬ ಷರಾವನ್ನೂ ನೋಡಿದರು. "ಇದಕ್ಕೆ ಎರಡಾ? ಯಾವ ಪುಣ್ಯಾತ್ಮ ತಿದ್ದಿದ್ದು?"

"ನಾನು."

ಎರಡನೆಯದನ್ನು ಎತ್ತಿಕೊಂಡರು. ಅಲ್ಲಿ ಅದೇ ಉತ್ತರಕ್ಕೆ ಏಳು ಇತ್ತು. "ಇದು?"

"ಅದೂ ನಾನೇ. ಎಂಟು ತಿಂಗಳಾದ ಮೇಲೆ."

ಗಂಗಹನುಮಯ್ಯ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಅವಳ ಮಾನ ಉಳಿಸಲು ಒಂದು ದಾರಿ ಹುಡುಕಿದರು. "ಅಕ್ಷರ ನೋಡಿ. ಹುಡ್ಗೀದು ಕೋಳಿ ಕೆದ್ರಿದಂಗೈತೆ, ನೀವು ನಕಲು ಮಾಡಿರೋದು ದುಂಡ್ಗೈತೆ. ಅದ್ಕೇ ಹಂಗಾಗಿರ್ತದೆ ಬುಡಿ."

"ಅಕ್ಷರಕ್ಕೆ ಹನ್ನೆರಡು ಅಂಕವಾ ಸಾರ್?"

ಅವರು ಮತ್ತೆ ಹುಡುಗಿಯ ಪತ್ರಿಕೆ ಎತ್ತಿಕೊಂಡರು. "ಈ ಹುಡ್ಗಿ ಈಗ ಎಲ್ಲವ್ಳೆ?" ಎಂದು ಕೇಳಿದರು. ಅವಳು ಹೇಳಿದಳು. ಹೇಳುವಾಗ ಅಳು ಬಂತು, ಅದನ್ನು ತಡೆಯಲೂ ಹೋಗಲಿಲ್ಲ, ಅದರಿಂದ ಕೆಲಸ ಮಾಡಿಸಿಕೊಳ್ಳಲೂ ಹೋಗಲಿಲ್ಲ. ಮುಖ ಒರೆಸಿಕೊಂಡು ಹೊಸ ಪ್ರತಿಗಳ ಕಟ್ಟನ್ನು ಮುಂದೆ ತಳ್ಳಿದಳು.

"ಕೊಡಿ," ಎಂದು ಗಂಗಹನುಮಯ್ಯ ಪೆನ್ನಿನ ಮುಚ್ಚಳ ತೆಗೆದರು. "ಮೊದ್ಲು ನಾನ್ ತಿದ್ತೀನಿ."

"ಬೇಡ ಸಾರ್. ನೀವು ನನ್ನ ಎರಡೂ ನಂಬರ್ ನೋಡಿಬಿಟ್ಟಿರಿ. ನಿಮ್ಮದು ಇನ್ನು ಲೆಕ್ಕಕ್ಕೆ ಬರಲ್ಲ. ನಿಮ್ಮ ಬದಲಿಗೆ ಬೇರೆ ಒಬ್ಬರನ್ನ ಹುಡುಕ್ಕೋತೀನಿ. ಉಳಿದ ಹನ್ನೊಂದು ಜನಕ್ಕೆ ನೀವು ಒಂದು ಮಾತು ಹೇಳ್ಬೇಕು."

ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅವರಿಗೆ ನಿಮ್ಮದು ಲೆಕ್ಕಕ್ಕಿಲ್ಲ ಎಂದವರು ಯಾರೂ ಇರಲಿಲ್ಲ. ತೆರೆದ ಪೆನ್ನು ಹಿಡಿದುಕೊಂಡು ಅವಳನ್ನೇ ನೋಡಿದರು. ಕೊನೆಗೆ ಶಾಲೆಯ ಕಾಗದ ಒಂದನ್ನು ಎಳೆದುಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆದರು. 'ಈ ಮೇಡಂ ಕೊಡುವ ಪತ್ರಿಕೆಯನ್ನು ಮನೆಯಲ್ಲಿ ಒಬ್ಬೊಬ್ಬರೇ ಕೂತು ಪೂರ್ತಿ ಓದಿ ತಿದ್ದುವುದು. ಯಾರೂ ಯಾರನ್ನೂ ಕೇಳಕೂಡದು. ಏನಾದರೂ ತೊಂದರೆ ಬಂದರೆ ಜವಾಬು ನನ್ನದು.' ಸಹಿ ಹಾಕಿ, ಶಾಲೆಯ ಸೀಲೂ ಒತ್ತಿ ಕೊಟ್ಟರು. ಜಮಾಲುನ್ನೀಸಾ ಅದನ್ನು ಎರಡು ಸಲ ಓದಿ ಚೀಲಕ್ಕೆ ಸೇರಿಸಿದಳು. ಅವಳು ಬಂದ ಕೆಲಸ ಆಗಿತ್ತು, ಹನ್ನೊಂದೂಕಾಲಿಗೆ ಗುಬ್ಬಿಗೆ ಬಸ್ಸೂ ಇತ್ತು.

ಅವಳು ಏಳುವಾಗ ಗಂಗಹನುಮಯ್ಯ, "ಒಂದ್ ನಿಮಿಷ ಕೂತ್ಕೊಳ್ಳಿ," ಎಂದರು.

ಮೇಜಿನ ಒಂದು ಬದಿಯಲ್ಲಿ ಓದಬೇಕಾದ ಫಲಿತಾಂಶದ ಪಟ್ಟಿ ಸಿದ್ಧವಾಗಿತ್ತು. ಅದರ ಪಕ್ಕದಲ್ಲಿ ಹುರಿಯಿಂದ ಕಟ್ಟಿದ ಒಂದು ಚಿಕ್ಕ ಕಂತೆ. "ಆರನೇ ಕ್ಲಾಸಲ್ಲಿ ಏಳು ಜನ ಫೇಲು. ಏಳೂ ಜನಕ್ಕೂ ಸಮಾಜದಲ್ಲೇ ಹೋಗಿರೋದು. ನಾನೇ ತಿದ್ದಿದ್ದು," ಎಂದರು. ಅವರು ಉತ್ತರದ ಪಕ್ಕ ಅಂಕ ಹಾಕುವವರಲ್ಲ. ಪೂರ್ತಿ ಓದಿ, ತೂಕ ಮನಸ್ಸಿನಲ್ಲೇ ಹಾಕಿ, ಮೊದಲ ಪುಟದ ಮೂಲೆಯಲ್ಲಿ ಒಟ್ಟು ಮಾತ್ರ ಬರೆಯುವವರು. ತಮ್ಮ ಕಣ್ಣು ತಪ್ಪುವುದಿಲ್ಲವೆಂಬ ಹೆಮ್ಮೆ ಅದು, ತಾಲ್ಲೂಕಿಗೆಲ್ಲ ಗೊತ್ತಿದ್ದ ಹೆಮ್ಮೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಏಳು ಚೂರು ಮಾಡಿ, ಗುಂಡುಸೂಜಿಯಿಂದ ಒಂದೊಂದು ಪತ್ರಿಕೆಯ ಮೂಲೆಗೂ ಚುಚ್ಚಿ ಅಂಕ ಮುಚ್ಚಿದರು. ಆಮೇಲೆ ಮೊದಲನೆಯದನ್ನು ಅವಳ ಕಡೆ ಸರಿಸಿದರು.

"ನೀವ್ ತಿದ್ದಿ. ನಾನ್ ಏನ್ ಹಾಕಿದೀನಿ ಅಂತ ಹೇಳಾಕಿಲ್ಲ."

ಅವಳು ಓದಿದಳು. ನಡುವೆ ಹನ್ನೊಂದರ ಗಂಟೆ ಬಾರಿಸಿತು, ಹೊರಗೆ ಮಕ್ಕಳ ಗದ್ದಲ ಏರಿತು. ಒಂದು ಚೀಟಿಯ ಮೇಲೆ ನಲವತ್ತೊಂದು ಎಂದು ಬರೆದು ಕೊಟ್ಟಳು. ಗಂಗಹನುಮಯ್ಯ ಗುಂಡುಸೂಜಿ ಕಿತ್ತು ನೋಡಿದರು. ಅಲ್ಲಿ ಮೂವತ್ತಿತ್ತು. ಅವರು ಎರಡನೆಯದನ್ನು ಸರಿಸಿದರು. ಅದಕ್ಕೆ ಅವಳು ಇಪ್ಪತ್ತನಾಲ್ಕು ಹಾಕಿದಳು. ಅವರು ಹಾಕಿದ್ದು ಇಪ್ಪತ್ತೊಂಬತ್ತು.

"ಇದು ಇನ್ನೂ ಕಮ್ಮಿ ಆತಲ್ರೀ!" ಎಂದರು. ನಗಬೇಕೋ ಬೇಡವೋ ತಿಳಿಯದೆ ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾರೆ ಇಷ್ಟು ವರ್ಷ ನಾನ್ ಮಾಡಿದ್ದು ಏನು ಮೇಡಮ್ಮೋರೆ?"

"ನಾನು ಮಾಡಿದ್ದೂ ಅದೇ ಸಾರ್," ಎಂದಳು ಜಮಾಲುನ್ನೀಸಾ.

ಗಂಗಹನುಮಯ್ಯ ಎದ್ದು ಫಲಿತಾಂಶದ ಪಟ್ಟಿಯನ್ನು ಮಡಿಸಿ ಬೀರುವಿನೊಳಗಿಟ್ಟರು. ಮತ್ತೆ ಬಂದು ಕೂತು ಉಳಿದ ಐದರಲ್ಲಿ ಎರಡನ್ನು ತಾವು ಇಟ್ಟುಕೊಂಡು ಮೂರನ್ನು ಅವಳಿಗೆ ಕೊಟ್ಟರು. ಓದಿ ಆದ ಮೇಲೆ ಅದಲು ಬದಲು ಮಾಡಿಕೊಳ್ಳೋಣ, ಚೀಟಿ ಮಾತ್ರ ಮುಚ್ಚಿಟ್ಟುಕೊಳ್ಳಬೇಕು ಎಂದರು. ರಸ್ತೆಯಲ್ಲಿ ಗುಬ್ಬಿಯ ಬಸ್ಸು ಬಂದು, ನಿಂತು, ಹೊರಟುಹೋಯಿತು.

ಬಾಗಿಲ ಬಳಿ ನೆರಳಾಯಿತು. ತೆಂಗಿನಕಾಯಿ ಹಿಡಿದ ಒಬ್ಬ ಹೆಂಗಸು ಹೊಸ್ತಿಲಾಚೆಯೇ ನಿಂತಿದ್ದಳು. ಅವಳ ಹಿಂದೆ, ಸೆರಗಿನ ತುದಿ ಹಿಡಿದುಕೊಂಡು ಒಂದು ಹುಡುಗಿ.

"ಸಾ, ಹನ್ನೊಂದು ಹೊಡ್ದು ಯಾವ್ ಕಾಲ ಆತು. ನಮ್ ಹುಡ್ಗಿ ಪಾಸೋ ಪೇಲೋ ಒಂದ್ ಮಾತ್ ಹೇಳ್ಬುಡಿ. ಪೇಲಾದ್ರೆ ನಾಳಿಂದ ನನ್ ಜೊತೆ ಕೂಲಿಗೆ ಬತ್ತಾಳೆ."

ಗಂಗಹನುಮಯ್ಯ ಆ ಹುಡುಗಿಯನ್ನು ನೋಡಿದರು. ಆಮೇಲೆ ತಮ್ಮ ಮುಂದೆ ಬಿಡಿಸಿಟ್ಟಿದ್ದ ಪತ್ರಿಕೆಯ ಮೇಲಿನ ಹೆಸರನ್ನು ನೋಡಿದರು. ಮೂಲೆಯ ಕ್ಯಾಲೆಂಡರ್ ಚೂರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು.

"ಇನ್ನೂ ಓದ್ತಾ ಇದೀವಿ ಕಣವ್ವ," ಎಂದರು.

"ಹಂಗಾರೆ ಓದಿ ಸಾ," ಎಂದು ಹೆಂಗಸು ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿಯನ್ನು ಮಡಿಲಿಗೆ ಹಾಕಿಕೊಂಡಳು. ಹುಡುಗಿ ಬಾಗಿಲ ಕಂಬಕ್ಕೆ ಒರಗಿ, ಇಬ್ಬರು ದೊಡ್ಡವರು ತಲೆ ತಗ್ಗಿಸಿ ಓದುವುದನ್ನು ನೋಡುತ್ತ ನಿಂತಳು.